ದೋಷಪಟ್ಟಿಯೊಂದಿಗೆ ಬಂದ ಪುಟ್ಟ ಪೂಡಲ್: ನಾಯಿಗಳನ್ನು ರಕ್ಷಿಸಿ ದತ್ತು ಕೊಡುವ ಸಂಸ್ಥೆಯೊಂದರ ಬಗ್ಗೆ ವಿಮರ್ಶೆ

ಈ ಸಂಸ್ಥೆಯಿಂದ ನಾವು ದತ್ತು ತಂದದ್ದು ಪೂಡಲ್, ಗುಂಗುರು ಕೂದಲಿನ ತಳಿಯ ನಾಯಿ. ಜೊತೆಗೆ ಕೊಟ್ಟ ಕಡತದಲ್ಲಿ ಅದರ ಗುಣಗಳ ಬಗ್ಗೆ ನಾಲ್ಕು ಸಾಲುಗಳಿದ್ದವು, ದೋಷಗಳ ಬಗ್ಗೆ ಎರಡು ಪುಟ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ನಾಲ್ಕೂ ಆ ಎರಡು ಪುಟಗಳಿಗೇ ಸಲ್ಲುತ್ತವೆ. ಐದನೆಯದು ತಪ್ಪಿದ್ದಕ್ಕೆ ಚಳಿಗಾಲ ಮತ್ತು ಕೂದಲು ಕಾರಣ. ಅದನ್ನು ಹೇಳಲು ಸ್ವಲ್ಪ ಜಾಗ ಬೇಕು.

ವೃತ್ತಿಯಿಂದ ನಾನು ಲೆಕ್ಕಪರಿಶೋಧಕಿ. ಎಲ್ಲವೂ ಸರಿಯಾಗಿದೆ ಎಂದು ಯಾರಾದರೂ ಬರೆದುಕೊಟ್ಟರೆ ನನಗೆ ಮೊದಲು ಬರುವುದು ಅನುಮಾನ. ನಾಯಿ ಹುಡುಕಲು ಹೊರಟಾಗಲೂ ಈ ಚಾಳಿ ಬಿಡಲಿಲ್ಲ. ದತ್ತು ಎಂಬ ಹೆಸರಿನಲ್ಲಿ ಮರಿ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಬಳಿ ಯಾವಾಗ ಕೇಳಿದರೂ ಎಂಟು ವಾರದ ಮರಿ ಸಿದ್ಧವಿರುತ್ತದೆ, ಬೇಕೆಂದ ಬಣ್ಣದಲ್ಲಿಯೇ ಇರುತ್ತದೆ. ತಾಯಿನಾಯಿಯನ್ನು ತೋರಿಸಿ ಎಂದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ‘ಟೀಕಪ್ ಪೂಡಲ್’ ಎಂದು ಬರೆದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಅಂಥದೊಂದು ಗಾತ್ರ ತಳಿಯ ಅಧಿಕೃತ ಮಾನದಂಡಗಳಲ್ಲಿ ಇಲ್ಲ. ಶ್ವಾನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪೂಡಲ್‌ಗಳನ್ನು ಭುಜದ ಎತ್ತರ ನೋಡಿ ನಾಲ್ಕಾಗಿ ವಿಂಗಡಿಸುತ್ತದೆ: 28 ಸೆಂಟಿಮೀಟರ್‌ವರೆಗೆ ಟಾಯ್, ಅಲ್ಲಿಂದ 35ರವರೆಗೆ ಮಿನಿಯೇಚರ್, 45ರವರೆಗೆ ಮಧ್ಯಮ, ಅದಕ್ಕೂ ಮೇಲಿನದು ಸ್ಟ್ಯಾಂಡರ್ಡ್. ಅಮೆರಿಕನ್ ಕೆನಲ್ ಕ್ಲಬ್ ಮೂರೇ ಗಾತ್ರಗಳನ್ನು ಒಪ್ಪುತ್ತದೆ: 10 ಇಂಚಿನವರೆಗೆ ಟಾಯ್, 15 ಇಂಚಿನವರೆಗೆ ಮಿನಿಯೇಚರ್, ಉಳಿದದ್ದು ಸ್ಟ್ಯಾಂಡರ್ಡ್. ಎತ್ತರ ಬರೆಯದೆ ‘ಪುಟಾಣಿ’ ಎಂದಷ್ಟೇ ಬರೆದ ಪ್ರಕಟಣೆಗಳನ್ನೆಲ್ಲ ನಾನು ಬದಿಗಿಟ್ಟೆ.

ಈ ಸಂಸ್ಥೆಯ ಪ್ರಕಟಣೆಯಲ್ಲಿ ಅಳತೆ ಇತ್ತು. ಭುಜದ ಬಳಿ 31 ಸೆಂಟಿಮೀಟರ್, ತೂಕ ಐದೂವರೆ ಕಿಲೋ, ಹೆಣ್ಣು, ಏಪ್ರಿಕಾಟ್ ಬಣ್ಣ. ವಯಸ್ಸಿನ ಮುಂದೆ ಹೀಗೆ ಬರೆದಿದ್ದರು: ‘ಏಳರಿಂದ ಒಂಬತ್ತು ಇರಬಹುದು. ಹಲ್ಲು ನೋಡಿ ಅಂದಾಜಿಸಿದ್ದು. ಹಲ್ಲುಗಳು ತೀರ ಹಾಳಾಗಿರುವುದರಿಂದ ಈ ಅಂದಾಜನ್ನು ಹೆಚ್ಚು ನಂಬಬೇಡಿ.’ ಆ ಸಾಲು ಓದಿಯೇ ಅರ್ಜಿ ಹಾಕಿದ್ದು. ತನ್ನ ಅಂಕಿಯನ್ನು ತಾನೇ ಪೂರ್ತಿ ನಂಬಬೇಡಿ ಎನ್ನುವವರು ನನ್ನ ಕಸುಬಿನಲ್ಲಿಯೂ ಅಪರೂಪ.

ಅರ್ಜಿ ಉದ್ದ. ಬಾಡಿಗೆ ಮನೆಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿಯಾಗಿರುತ್ತದೆ, ಊರು ಬಿಡಬೇಕಾಗಿ ಬಂದರೆ ಅದರ ಗತಿ ಏನು, ಹಿಂದೆ ಸಾಕಿದ ಪ್ರಾಣಿ ಏನಾಯಿತು, ಯಾವ ಪಶುವೈದ್ಯರ ಬಳಿ ತೋರಿಸುವಿರಿ ಎಂಬ ಪ್ರಶ್ನೆಗಳಿದ್ದವು. ಆಮೇಲೆ ವಿಡಿಯೋ ಕರೆಯಲ್ಲಿ ಮನೆ ನೋಡಿದರು. ಬಾಲ್ಕನಿಯ ಕಂಬಿಗಳ ನಡುವೆ ಎಷ್ಟು ಸಂದಿಯಿದೆ ಎಂದು ಟೇಪು ಹಿಡಿದು ತೋರಿಸಲು ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಅತ್ತೆ, “ನಿನ್ನ ಮದುವೆಯ ಸಮಯದಲ್ಲಿ ನಾವು ಕೂಡ ಇಷ್ಟು ವಿಚಾರಿಸಿರಲಿಲ್ಲವಮ್ಮ” ಎಂದರು. “ವಿಚಾರಿಸಬೇಕಿತ್ತು ಅತ್ತೆ” ಎಂದು ನಾನೂ ಹೇಳಿದೆ.

ಇಂಥ ವಿಚಾರಣೆಯ ಬಗ್ಗೆ ಗೊಣಗುವವರನ್ನು ಬಹಳ ಕಂಡಿದ್ದೇನೆ. ಬೀದಿಗೆ ಬಿದ್ದ ನಾಯಿಗೆ ಮನೆ ಕೊಡುತ್ತೇವೆ ಎಂದರೆ ಇವರದೇನು ದರ್ಪ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಸಣ್ಣ ಗಾತ್ರದ, ಕೂದಲು ಉದುರಿಸದ ನಾಯಿ ಬಂತೆಂದರೆ ಅರ್ಜಿಗಳ ಸುರಿಮಳೆಯಾಗುತ್ತದೆ, ಆದ್ದರಿಂದ ಅವರು ಸೋಸಿ ನೋಡಲೇಬೇಕು. ಒಪ್ಪಂದದಲ್ಲಿ ನಾನು ಹುಡುಕಿದ್ದು ಒಂದೇ ಷರತ್ತು: ಯಾವ ಕಾರಣಕ್ಕೆ, ಯಾವ ವಯಸ್ಸಿನಲ್ಲಿ ಸಾಕಲಾಗದಿದ್ದರೂ ನಾಯಿಯನ್ನು ಬೇರೆಯವರಿಗೆ ಕೊಡದೆ ಸಂಸ್ಥೆಗೇ ಹಿಂದಿರುಗಿಸಬೇಕು. ಅದು ಮೊದಲ ಪುಟದಲ್ಲಿಯೇ ಇತ್ತು. ಈ ಷರತ್ತು ಇಲ್ಲದ ಒಪ್ಪಂದವನ್ನು ನಾನು ಮಾರಾಟದ ರಸೀದಿ ಎಂದೇ ಎಣಿಸುತ್ತೇನೆ.

ನನ್ನ ಗಂಡನಿಗೆ ಧೂಳು, ಪರಾಗ ಯಾವುದೂ ಆಗದು. ಪೂಡಲ್ ಅಲರ್ಜಿ ತರದ ನಾಯಿ ಎಂದು ಎಲ್ಲೆಡೆ ಓದಿದ್ದ ಅವರು ನಿಶ್ಚಿಂತರಾಗಿದ್ದರು. ಸಂಸ್ಥೆಯ ಸ್ವಯಂಸೇವಕಿ ಆ ನಿಶ್ಚಿಂತೆಯನ್ನು ಮೊದಲ ಮಾತುಕತೆಯಲ್ಲಿಯೇ ಕೆಡಿಸಿದರು. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲಿ ಮತ್ತು ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನ್‌ಗಳು. ಅವು ಇಲ್ಲದ ತಳಿ ಜಗತ್ತಿನಲ್ಲಿ ಇಲ್ಲ. ಪೂಡಲ್‌ನ ಉದುರಿದ ಕೂದಲು ನೆಲಕ್ಕೆ ಬೀಳದೆ ಗುಂಗುರಿನಲ್ಲಿಯೇ ಸಿಕ್ಕಿಕೊಳ್ಳುವುದರಿಂದ ಮನೆಯಲ್ಲಿ ಹರಡುವುದು ಕಡಿಮೆಯಾಗಬಹುದು, ಅಷ್ಟೇ. ಇಷ್ಟು ಹೇಳಿ ಸುಮ್ಮನಾಗಲಿಲ್ಲ. ನಾಯಿ ತಾತ್ಕಾಲಿಕವಾಗಿ ಇದ್ದ ಫಾಸ್ಟರ್ ಮನೆಗೆ ನಮ್ಮವರನ್ನು ಕರೆಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಜೊತೆ ಬಹಳ ಹೊತ್ತು ಕೂರಿಸಿದರು, ಅದರ ಹಾಸಿಗೆಯ ಬಟ್ಟೆಯೊಂದನ್ನು ಮನೆಗೆ ಕೊಟ್ಟು ಕಳಿಸಿದರು. ಕಣ್ಣು ಸ್ವಲ್ಪ ಕೆಂಪಾಯಿತು, ಉಸಿರಾಟಕ್ಕೇನೂ ತೊಂದರೆಯಾಗಲಿಲ್ಲ. ವೈದ್ಯರನ್ನು ಕೇಳಿ, ಮಲಗುವ ಕೋಣೆಗೆ ನಾಯಿಗೆ ಪ್ರವೇಶವಿಲ್ಲ ಎಂಬ ನಿಯಮ ಮಾಡಿಕೊಂಡು ಮುಂದುವರಿದೆವು.

ಈಗ ಆ ಎರಡು ಪುಟಗಳಿಗೆ ಬರುತ್ತೇನೆ. ಪೆನ್ನಿ, ಇದು ಸಂಸ್ಥೆಯವರು ಇಟ್ಟ ಹೆಸರು, ಮರಿಗಳ ವ್ಯಾಪಾರಕ್ಕಾಗಿಯೇ ನಾಯಿ ಸಾಕುವ ಕಡೆಯಿಂದ ಬಂದವಳು. ಸೂಲಿನ ಮೇಲೆ ಸೂಲು ಹೆತ್ತು, ಇನ್ನು ಲಾಭವಿಲ್ಲ ಎಂದಾದಾಗ ಒಪ್ಪಿಸಿಬಿಟ್ಟಿದ್ದರು. ತಂತಿಯ ಪಂಜರದ ನೆಲದ ಮೇಲೆಯೇ ವರ್ಷಗಳನ್ನು ಕಳೆದದ್ದರಿಂದ ಕಾಲ್ಬೆರಳುಗಳು ಅಗಲಗೊಂಡಿವೆ ಎಂದು ಕಡತ ಹೇಳುತ್ತಿತ್ತು. ನಾಯಿಗೆ ಇರಬೇಕಾದ ಹಲ್ಲು 42. ಇವಳ ಬಾಯಲ್ಲಿ ಉಳಿದಿದ್ದು 19, ಮಿಕ್ಕವನ್ನು ಸಂಸ್ಥೆಯ ಪಶುವೈದ್ಯರು ಕಿತ್ತಿದ್ದರು. ಹಾಗಾಗಿ ನಾಲಿಗೆ ಎಡಕ್ಕೆ ಜೋಲುತ್ತದೆ, ಒಣ ಆಹಾರ ನೆನೆಸಿ ಕೊಡಬೇಕು. ಎಡ ಹಿಂಗಾಲಿನ ಮಂಡಿಚಿಪ್ಪು ಜಾರುತ್ತದೆ, ನಾಲ್ಕು ದರ್ಜೆಗಳಲ್ಲಿ ಎರಡನೆಯದು. ಕಿವಿಯಲ್ಲಿ ಸೋಂಕು ಮರುಕಳಿಸುತ್ತದೆ. ಮಲಮೂತ್ರದ ಶಿಸ್ತು ಇಲ್ಲ. ಮೆಟ್ಟಿಲು, ಹುಲ್ಲು, ಹೊಸ್ತಿಲು ಯಾವುದೂ ಗೊತ್ತಿಲ್ಲ. ಟೋಪಿ ಹಾಕಿದ ಗಂಡಸರನ್ನು ಕಂಡರೆ ನೆಲಕ್ಕೆ ಒರಗಿಬಿಡುತ್ತಾಳೆ. ತೆರೆದ ಬಾಗಿಲು ಕಂಡರೆ ಓಡುತ್ತಾಳೆ, ಕರೆದರೆ ಬರುವುದಿಲ್ಲ. ‘ಮಡಿಲಲ್ಲಿ ಕೂರುವ ನಾಯಿ ಬೇಕೆಂದಿದ್ದರೆ ಇವಳನ್ನು ಆರಿಸಬೇಡಿ. ಮುಂದೆ ಕೂರಬಹುದು, ಎಂದಿಗೂ ಕೂರದೆಯೂ ಇರಬಹುದು.’

ಬೇರೆಡೆ ನೋಡಿದ ವಿವರಣೆಗಳಲ್ಲಿ ಇಂಥ ನಾಯಿಗೆ ‘ಸ್ವಲ್ಪ ನಾಚಿಕೆ ಸ್ವಭಾವ, ಪ್ರೀತಿ ಕೊಟ್ಟರೆ ಅರಳುತ್ತದೆ’ ಎಂದಿರುತ್ತಿತ್ತು. ಅದನ್ನು ನಂಬಿ ಕರೆತಂದವರು ನಾಯಿ ಸೋಫಾದ ಹಿಂದಿನಿಂದ ಹೊರಬರದಿದ್ದಾಗ ತಮ್ಮ ಪ್ರೀತಿಯೇ ಸಾಲದೇನೋ ಎಂದು ಕೊರಗುತ್ತಾರೆ, ಕೊನೆಗೆ ಹಿಂದಿರುಗಿಸುತ್ತಾರೆ. ಪೆನ್ನಿ ಸೋಫಾದ ಹಿಂದೆ ಕುಳಿತಾಗ ನಮ್ಮ ಮನೆಯಲ್ಲಿ ಯಾರೂ ಕೊರಗಲಿಲ್ಲ. ಕಡತದ ಮೊದಲ ಪುಟದ ಮೂರನೇ ಪ್ಯಾರಾದಲ್ಲಿ ಇದ್ದದ್ದೇ ನಡೆಯುತ್ತಿತ್ತು. ನಾಯಿಯ ಕೆಟ್ಟ ಸುದ್ದಿಯನ್ನು ಮೊದಲೇ ಹೇಳುವುದು ಸಂಸ್ಥೆಯೊಂದು ಕೊಡಬಹುದಾದ ಅತ್ಯಂತ ಬೆಲೆಬಾಳುವ ಸೇವೆ; ಚಿತ್ರಗಳು, ಉಡುಗೊರೆ ಚೀಲ, ಮೊದಲ ದಿನದ ಹೂಗುಚ್ಛ ಇವೆಲ್ಲ ಅದರ ಮುಂದೆ ಏನೂ ಅಲ್ಲ. (ಹೂಗುಚ್ಛ ನಿಜವಾಗಿ ಕೊಟ್ಟರು. ನಾಯಿ ಅದನ್ನೂ ಕಂಡು ಹೆದರಿತು.)

ಕಡತದಲ್ಲಿ ಎರಡು ತಪ್ಪುಗಳನ್ನು ಕಂಡುಹಿಡಿದೆ. ‘ಬೊಗಳುವುದಿಲ್ಲ’ ಎಂದು ಬರೆದಿದ್ದರು. ಲಿಫ್ಟ್ ಬಾಗಿಲು ತೆರೆದ ಸದ್ದಿಗೆ ಪೆನ್ನಿ ತಪ್ಪದೆ ಬೊಗಳುತ್ತಾಳೆ. ಫಾಸ್ಟರ್ ಮನೆಯಲ್ಲಿ ಲಿಫ್ಟ್ ಇರಲಿಲ್ಲ, ಅವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಇನ್ನೊಂದು, ಚರ್ಮದಡಿ ಹಾಕಿದ ಮೈಕ್ರೋಚಿಪ್‌ನ 15 ಅಂಕಿಗಳಲ್ಲಿ ಎರಡು ಅದಲುಬದಲಾಗಿದ್ದವು. ಇದು ಸಣ್ಣ ವಿಷಯವಲ್ಲ. ಚಿಪ್ ಎಂದರೆ ನಾಯಿ ಎಲ್ಲಿದೆ ಎಂದು ತೋರಿಸುವ ಉಪಕರಣವಲ್ಲ. ಸ್ಕ್ಯಾನರ್ ಹಿಡಿದಾಗ ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ನೋಂದಣಿಯಲ್ಲಿ ನಿಮ್ಮ ಹೆಸರಿಗೆ ಇದ್ದರೆ ಮಾತ್ರ ನಾಯಿ ಮನೆಗೆ ಬರುತ್ತದೆ. ಮೊದಲ ತಪಾಸಣೆಯಲ್ಲಿಯೇ ನಮ್ಮ ಪಶುವೈದ್ಯರಿಂದ ಸ್ಕ್ಯಾನ್ ಮಾಡಿಸಿ, ಕಾಗದದೊಂದಿಗೆ ಹೋಲಿಸಿ, ನೋಂದಣಿ ವರ್ಗ ಮಾಡಿಸಿಕೊಂಡೆ. ನೀವೂ ಹಾಗೆಯೇ ಮಾಡಿಸಿ. ಸಂಸ್ಥೆಯವರು ಮರುದಿನವೇ ಕಡತ ತಿದ್ದಿ ಕಳಿಸಿದರು. ದತ್ತು ಶುಲ್ಕದಲ್ಲಿ ಈ ಚಿಪ್, ಲಸಿಕೆಗಳು, ಸಂತಾನಹರಣ ಶಸ್ತ್ರಚಿಕಿತ್ಸೆ, ಹಲ್ಲಿನ ಚಿಕಿತ್ಸೆ ಎಲ್ಲವೂ ಸೇರಿದ್ದವು. ಅಷ್ಟು ಹಲ್ಲು ಕೀಳಿಸುವ ಖರ್ಚೊಂದೇ ಶುಲ್ಕವನ್ನು ಮೀರುತ್ತದೆ. ಈ ಲೆಕ್ಕದಲ್ಲಿ ಸಂಸ್ಥೆಗೆ ನಷ್ಟವೇ.

ಇನ್ನು ಐದನೇ ನಕ್ಷತ್ರದ ವಿಚಾರ.

ಪೆನ್ನಿ ನಮ್ಮ ಮನೆಗೆ ಬಂದದ್ದು ನಡುಚಳಿಗಾಲದಲ್ಲಿ. ಹೊರಗೆ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿತ್ತು, ಕಾಲುದಾರಿಗಳ ಮೇಲೆ ಮಂಜುಗಡ್ಡೆ, ಅದರ ಮೇಲೆ ಉಪ್ಪು. ಸಂಸ್ಥೆಗೆ ಬಂದಾಗ ಅವಳ ಕೂದಲು ಸಂಪೂರ್ಣ ಜಡೆಗಟ್ಟಿದ್ದರಿಂದ ಚರ್ಮದವರೆಗೆ ಬೋಳಿಸಿದ್ದರು. ಅದು ಸರಿಯಾದ ಕ್ರಮವೇ; ಹಾಗೆ ಗಟ್ಟಿಯಾದ ಜಡೆಯನ್ನು ಬಾಚಿ ಬಿಡಿಸುತ್ತೇನೆ ಎನ್ನುವುದು ನಾಯಿಗೆ ಹಿಂಸೆ. ಹೀಗೆ ಮೈಮೇಲೆ ಬೆರಳಗಲ ಕೂದಲೂ ಇಲ್ಲದ, ಐದೂವರೆ ಕಿಲೋದ ನಾಯಿಯನ್ನು ಕೊಡುವಾಗ ಸಂಸ್ಥೆ ಜೊತೆಗೆ ಕೊಟ್ಟ ‘ಚಳಿಗಾಲದ ಸೂಚನೆ’ ಎಂಬ ಹಾಳೆಯಲ್ಲಿ ಹೀಗಿತ್ತು: ನಾಯಿಗಳು ಹಿಮವನ್ನು ಆನಂದಿಸುತ್ತವೆ, ದಿನವೂ ಚೆನ್ನಾಗಿ ಓಡಾಡಿಸಿ, ಚಳಿಗಾಲದಲ್ಲಿ ಕೂದಲು ಕತ್ತರಿಸಬೇಡಿ. ಎಲ್ಲ ನಾಯಿಗಳಿಗೂ ಒಂದೇ ಹಾಳೆ. ದೋಷಪಟ್ಟಿ ಬರೆದ ಕೈಯೇ ಇದನ್ನೂ ಬರೆಯಿತೆಂದು ನನಗೆ ನಂಬಲಾಗಲಿಲ್ಲ.

ಹಿಮದ ನಾಡಿನ ನಾಯಿಗಳಿಗೆ ಎರಡು ಪದರದ ತುಪ್ಪಳ ಇರುತ್ತದೆ. ಹೊರಗೆ ಒರಟು ಕೂದಲು, ಒಳಗೆ ದಟ್ಟವಾದ ಉಣ್ಣೆ. ಆ ಉಣ್ಣೆ ಗಾಳಿಯನ್ನು ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ. ಪೂಡಲ್‌ಗೆ ಇರುವುದು ಒಂದೇ ಪದರದ ಗುಂಗುರು ಕೂದಲು, ಅದು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ. ಸಾಲದ್ದಕ್ಕೆ ಸಣ್ಣ ದೇಹ: ತೂಕಕ್ಕೆ ಹೋಲಿಸಿದರೆ ಮೈಯ ಹೊರಮೇಲ್ಮೈ ಹೆಚ್ಚು, ಶಾಖ ಬೇಗ ಸೋರುತ್ತದೆ. ಹೊಟ್ಟೆಯೂ ಹಿಮದಿಂದ ಗೇಣಳತೆ ಮೇಲಷ್ಟೇ.

ನನ್ನ ಮಗ ಇದನ್ನು ಒಪ್ಪಲಿಲ್ಲ. “ಅಮ್ಮಾ, ಪೂಡಲ್‌ಗಳು ಅಲಾಸ್ಕಾದಲ್ಲಿ ಹಿಮದ ಮೇಲೆ ಜಾರುವ ಸ್ಲೆಡ್ ಬಂಡಿ ಎಳೆದಿವೆ, ಗೊತ್ತೇ?” ಎಂದ. ಮಾತು ನಿಜ. ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,600 ಕಿಲೋಮೀಟರ್ ಸಾಗುವ ಇಡಿಟರಾಡ್ ಪಂದ್ಯದಲ್ಲಿ ಜಾನ್ ಸೂಟರ್ ಎಂಬಾತ 1988ರಿಂದ 1991ರವರೆಗೆ ಪೂಡಲ್‌ಗಳಿದ್ದ ತಂಡವನ್ನು ಓಡಿಸಿದ್ದ. ಆದರೆ ಅವು ಸ್ಟ್ಯಾಂಡರ್ಡ್ ಪೂಡಲ್‌ಗಳು, ಪೆನ್ನಿಯ ನಾಲ್ಕರಷ್ಟು ತೂಗುವಂಥವು. ಕಥೆಯ ಉಳಿದರ್ಧವನ್ನು ಮಗ ಓದಿರಲಿಲ್ಲ: ಆ ನಾಯಿಗಳ ಕೂದಲು ಮಂಜಿಗೆ ಅಂಟಿಕೊಂಡು ಹೆಪ್ಪುಗಟ್ಟುವ ತೊಂದರೆ ಕಂಡುಬಂದು, ಮುಂದೆ ಉತ್ತರದ ಶೀತ ಪ್ರದೇಶದ ತಳಿಗಳಿಗೆ ಮಾತ್ರ ಅವಕಾಶ ಎಂದು ಪಂದ್ಯದ ನಿಯಮವನ್ನೇ ಬದಲಿಸಿದರು. ಅಂದರೆ ಪೂಡಲ್‌ಗೆ ಛಲವಿದೆ, ತುಪ್ಪಳವಿಲ್ಲ.

‘ಚಳಿಗಾಲದಲ್ಲಿ ಕೂದಲು ಕತ್ತರಿಸಬೇಡಿ’ ಎಂಬ ಸಲಹೆ ಪೂಡಲ್‌ಗೆ ಏಕೆ ಹೊಂದುವುದಿಲ್ಲ ಎಂಬುದನ್ನು ನಮಗೆ ತಿಳಿಸಿದ್ದು ಗ್ರೂಮರ್ (ನಾಯಿಗಳ ಕೂದಲು ಕತ್ತರಿಸಿ ಒಪ್ಪ ಮಾಡುವವರು), ಕೂದಲು ಮತ್ತೆ ಬೆಳೆಯತೊಡಗಿದ ಮೇಲೆ. ಉದ್ದ ಬಿಟ್ಟರೆ ಬೆಚ್ಚಗಿರುತ್ತದೆ ಎಂಬುದು ಬಾಚಿದ ಕೂದಲಿಗೆ ಮಾತ್ರ ಸಲ್ಲುವ ಮಾತು. ಮೇಲೆ ಕೋಟು ಹಾಕಿದಾಗ ಕಂಕುಳಲ್ಲಿ, ಎದೆಯ ಮೇಲೆ, ಕಿವಿಯ ಹಿಂದೆ ಬಟ್ಟೆ ಉಜ್ಜಿ ಗಂಟು ಬೀಳುತ್ತದೆ. ಹಿಮ ಕರಗಿದ ನೀರು ಆ ಗಂಟಿನೊಳಗೆ ನಿಲ್ಲುತ್ತದೆ. ಕೆಳಗಿನ ಚರ್ಮ ತೇವದಿಂದ ಹುಣ್ಣಾಗುತ್ತದೆ. ಹಾಗಾಗಿ ಆಕೆ ಮಾಡಿದ ಏರ್ಪಾಡು ಇದು: ಮೈಮೇಲೆ ಎರಡು ಬೆರಳಗಲ, ಕಾಲುಗಳಲ್ಲಿ ಅದಕ್ಕಿಂತ ಮೋಟು, ಪಾದ ಪೂರ್ತಿ ಬೋಳು, ಅಂಗಾಲಿನ ಸಂದುಗಳಲ್ಲಿ ಒಂದೆಳೆಯೂ ಇಲ್ಲದಂತೆ. ಪಾದ ಬೋಳಿಸುವುದು ಪೂಡಲ್‌ನ ಹಳೆಯ ಶೋಕಿ ಎಂದುಕೊಂಡಿದ್ದೆ. ಬೆರಳ ಸಂದಿನಲ್ಲಿ ಮಂಜಿನ ಉಂಡೆ ಕಟ್ಟದಿರಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕು, ಚಳಿಗಾಲವಾದರೂ.

ಮನೆಯಲ್ಲಿ ಬಾಚುವ ಕ್ರಮಕ್ಕೂ ಆಕೆಯೇ ಗುರು. ಮೊದಲು ತಂತಿಯ ಬ್ರಷ್, ಆಮೇಲೆ ಲೋಹದ ಬಾಚಣಿಗೆ, ಒಂದೊಂದು ಸಾಲು ಬೈತಲೆ ತೆಗೆದು ಚರ್ಮ ಕಾಣುವವರೆಗೆ. ಮೇಲಷ್ಟೇ ಬ್ರಷ್ ಆಡಿಸಿದರೆ ನೋಡಲು ಉಬ್ಬಿ ಚೆನ್ನಾಗಿ ಕಾಣುತ್ತದೆ, ಬುಡದಲ್ಲಿ ಗಂಟು ಹಾಗೆಯೇ ಬೆಳೆಯುತ್ತಿರುತ್ತದೆ. ಬಿಸಿಗಾಳಿಯ ಮನೆಯಲ್ಲಿ ಒಣಹವೆಯಿಂದ ಕೂದಲು ಚಟಚಟ ಎನ್ನುತ್ತದೆ, ಸ್ವಲ್ಪ ನೀರು ಸಿಂಪಡಿಸಿಕೊಂಡೇ ಬಾಚಬೇಕು. ಸ್ನಾನಕ್ಕೆ ಮೊದಲೇ ಗಂಟು ಬಿಡಿಸಬೇಕು, ನೀರು ತಾಗಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸ್ನಾನದ ನಂತರ ಬುಡದವರೆಗೆ ಒಣಗುವ ತನಕ ಹೊರಗೆ ಕರೆದೊಯ್ಯುವಂತಿಲ್ಲ. ಈ ಕೆಲಸ ಈಗ ಅತ್ತೆಯದು. ನಾಯಿಯನ್ನು ಮುಟ್ಟುವುದಿಲ್ಲ ಎಂದಿದ್ದವರು ಸಂಜೆಯಾದರೆ ಬಾಚಣಿಗೆ ಹುಡುಕುತ್ತಾರೆ. ಅವರ ಬಾಯಲ್ಲಿ ಅವಳ ಹೆಸರು ಬಂಗಾರಿ. ನಾಯಿ ಎರಡೂ ಹೆಸರಿಗೆ ಓಗೊಡುವುದಿಲ್ಲ.

ಕೋಟು ಕೊಳ್ಳುವವರಿಗೆ: ಒಳಪದರ ನುಣುಪಾದ ಬಟ್ಟೆಯದಿರಲಿ, ಉಣ್ಣೆಯಂಥ ಒರಟು ಬಟ್ಟೆ ಗುಂಗುರನ್ನು ಹೆಣೆದುಬಿಡುತ್ತದೆ. ಹೊಟ್ಟೆಯನ್ನೂ ಮುಚ್ಚುವಂತಿರಲಿ. ಬೆನ್ನ ಮೇಲೆ, ಎದೆಗೆ ತೊಡಿಸುವ ಪಟ್ಟಿಯಾದ ಹಾರ್ನೆಸ್‌ನ ಉಂಗುರ ಹೊರಬರಲು ಸೀಳಿರಲಿ. ಸಣ್ಣ ಪೂಡಲ್‌ಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಕಾಣಿಸಿಕೊಳ್ಳುವುದುಂಟು, ಅದಕ್ಕಾಗಿ ಕೊರಳಪಟ್ಟಿಗೆ ಹಗ್ಗ ಕಟ್ಟಿ ಎಳೆಯಬಾರದು ಎಂದು ಕಡತ ಸರಿಯಾಗಿಯೇ ಹೇಳಿತ್ತು. ಆದರೆ ಕೋಟಿನ ಮೇಲೆ ಹಾರ್ನೆಸ್ ತೊಡಿಸಿದರೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ಎರಡರಿಂದಲೂ ನುಣುಚಿಕೊಳ್ಳಬಹುದು. ಹಾರ್ನೆಸ್ ಒಳಗೆ, ಕೋಟು ಮೇಲೆ. ಓಡುವ ಚಾಳಿಯ ನಾಯಿಗೆ ಈ ಕ್ರಮ ತಪ್ಪಬಾರದು. ಸಂಜೆ ಬೇಗ ಕತ್ತಲಾಗುವುದರಿಂದ ಬೆಳಕಿಗೆ ಹೊಳೆಯುವ ಪಟ್ಟಿಯೂ ಬೇಕು.

ಉಪ್ಪಿನ ಬಗ್ಗೆ ಆ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಮಂಜು ಕರಗಿಸಲು ಹಾಕುವ ಉಪ್ಪು ಅಂಗಾಲನ್ನು ಸೀಳಿಸುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಹೊರಗಿನಿಂದ ಬಂದ ತಕ್ಷಣ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ನಾಲ್ಕೂ ಪಾದ ಅದ್ದಿ ಒರೆಸುತ್ತೇವೆ. ಕಾಲಿನ ಕೂದಲಿಗೆ ಅಂಟಿದ ಮಂಜಿನ ಉಂಡೆಗಳೂ ಅದರಲ್ಲಿಯೇ ಕರಗುತ್ತವೆ. ಕಿತ್ತರೆ ಕೂದಲು ಸಮೇತ ಬರುತ್ತದೆ. ಬೂಟುಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಪಟ್ಟಿ ಬಿಗಿಯುವ ಬೂಟುಗಳನ್ನು ಪೆನ್ನಿ ನಡೆಯುತ್ತಲೇ ಕಳಚಿ ಹಿಮದಲ್ಲಿ ಹುಗಿದು ಬರುತ್ತಾಳೆ. ತೆಳು ರಬ್ಬರಿನವು ಉಳಿಯುತ್ತವೆ, ಉಪ್ಪು ತಡೆಯುತ್ತವೆ, ಬೆಚ್ಚಗಿಡುವುದಿಲ್ಲ. ಗಂಡ ರಬ್ಬರಿನ ಪಕ್ಷ, ನಾನು ಅಂಗಾಲಿಗೆ ಮೇಣದ ಮುಲಾಮು ಹಚ್ಚುವ ಪಕ್ಷ. ವಾಹನಗಳ ರೇಡಿಯೇಟರ್‌ಗೆ ಹಾಕುವ ಆ್ಯಂಟಿಫ್ರೀಜ್ ಬಗ್ಗೆ ಮಾತ್ರ ಯಾವ ಚರ್ಚೆಯೂ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಸ್ವಲ್ಪವೇ ಸಾಕು ಸಣ್ಣ ನಾಯಿಯ ಮೂತ್ರಪಿಂಡ ಹಾಳಾಗಿ ಪ್ರಾಣ ಹೋಗಲು. ಗ್ಯಾರೇಜಿನ ನೆಲದ ಮೇಲಿನ ಯಾವ ಹನಿಯನ್ನೂ ನೆಕ್ಕಗೊಡಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಶೌಚ. ಪಂಜರದಲ್ಲಿ ಇದ್ದಲ್ಲಿಯೇ ಎಲ್ಲ ಮುಗಿಸಿ ಬದುಕಿದ ನಾಯಿಗೆ ಹೊರಗೆ ಹೋಗಬೇಕೆಂಬ ಕಲ್ಪನೆಯೇ ಇಲ್ಲ. ಹೊರಗೆ ಕರೆದೊಯ್ದರೆ ಕೊರೆಯುವ ಚಳಿ. ಒಂದು ಕಾಲು ಎತ್ತುತ್ತಾಳೆ, ಇನ್ನೊಂದು ಎತ್ತುತ್ತಾಳೆ, ನಿಂತಲ್ಲಿಯೇ ನಡುಗುತ್ತಾಳೆ. ಅಷ್ಟಾದರೆ ಎತ್ತಿಕೊಂಡು ಒಳಗೆ ಬರಬೇಕು, ಶಿಸ್ತಿನ ಪಾಠ ಅಲ್ಲಿಗೆ ಮುಗಿಯಿತು. ಕಿವಿಯ ತುದಿ, ಬಾಲದ ತುದಿ, ಪಾದ ಇವು ಹಿಮಗಡಿತಕ್ಕೆ ಮೊದಲು ಸಿಗುವ ಜಾಗಗಳು. ಇದಕ್ಕೆ ಪರಿಹಾರ ಹೇಳಿದ್ದು ಫಾಸ್ಟರ್ ಮನೆಯ ಹೆಂಗಸು. ಸಲಿಕೆಯಿಂದ ಹಿಮ ಸರಿಸಿ ಕೆಳಗಿನ ಹುಲ್ಲು ಕಾಣುವಂತೆ ಒಂದು ಚೌಕ ಮಾಡಿ, ಪ್ರತಿ ಸಲ ಅಲ್ಲಿಗೇ ಕರೆದೊಯ್ಯಿರಿ, ಬೇಗ ಹಿಂದಿರುಗಿ, ಆದರೆ ಪದೇ ಪದೇ ಹೋಗಿ ಎಂದರು. ತೀರಾ ಚಳಿಯ ದಿನಗಳಿಗೆ ಬಾಲ್ಕನಿಯ ಬಾಗಿಲ ಒಳಗೆ ಕೃತಕ ಹುಲ್ಲಿನ ಟ್ರೇ. ಎರಡು ವ್ಯವಸ್ಥೆಯಿಂದ ನಾಯಿಗೆ ಗೊಂದಲವಾಗುತ್ತದೆ ಎಂದು ಕೆಲವರು ಹೇಳುತ್ತಾರೆ; ಪಾದದಡಿ ಎರಡೂ ಕಡೆ ಹುಲ್ಲೇ ಇದ್ದುದರಿಂದಲೋ ಏನೋ, ಪೆನ್ನಿಗೆ ಆಗಲಿಲ್ಲ. ವಸಂತ ಬರುವಷ್ಟರಲ್ಲಿ ಕಂಬಳಿ ಒಗೆಯುವ ಕೆಲಸ ಬಹುಮಟ್ಟಿಗೆ ನಿಂತಿತು.

ಸಂಸ್ಥೆಯ ನಂತರದ ಸೇವೆಯಲ್ಲಿ ಏರುಪೇರಿದೆ. ಈ ಫಾಸ್ಟರ್ ಹೆಂಗಸು ಅವರ ಆಸ್ತಿ. ದತ್ತು ಮುಗಿದ ಮೇಲೆ ಆಕೆಗೆ ನಮ್ಮ ಫೋನ್ ಎತ್ತುವ ಬಾಧ್ಯತೆ ಇರಲಿಲ್ಲ, ಆದರೂ ಪ್ರತಿ ಸಲ ಎತ್ತಿದರು. ನೆಲದ ಮೇಲೆ ಬೆನ್ನು ತಿರುಗಿಸಿ ಕೂತು ನಿಮ್ಮ ಪಾಡಿಗೆ ಓದಿಕೊಳ್ಳಿ, ನಾಯಿ ಬಂದು ಮೂಸಿದರೂ ಕೈ ಚಾಚಬೇಡಿ ಎಂದು ಕಲಿಸಿದ್ದು ಆಕೆಯೇ. ಕಚೇರಿಯ ಕಥೆ ಬೇರೆ. ಇಮೇಲ್‌ಗೆ ಉತ್ತರ ಬರುವುದು ತಡ, ಲಸಿಕೆಯ ದಾಖಲೆಯನ್ನು ಬೆನ್ನುಹತ್ತಿ ತರಿಸಿಕೊಳ್ಳಬೇಕಾಯಿತು. ಎಲ್ಲರೂ ಬೇರೆ ಉದ್ಯೋಗ ಮಾಡಿಕೊಂಡು ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು ಎಂಬುದು ಗೊತ್ತಿದೆ, ಹಾಗಾಗಿ ಇದಕ್ಕೆ ನಕ್ಷತ್ರ ಕಡಿತವಿಲ್ಲ. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಸೂತ್ರವನ್ನು ಇವರೂ ಹೇಳುತ್ತಾರೆ: ದಿಗಿಲು ತಗ್ಗಲು, ದಿನಚರಿ ಹಿಡಿಯಲು, ಮನೆ ತನ್ನದೆನಿಸಲು. ಮನೆಯಲ್ಲಿ ಬೆಳೆದು ಯಾವುದೋ ಕಾರಣಕ್ಕೆ ಕೈಬದಲಾದ ನಾಯಿಗೆ ಅದು ಹೊಂದಬಹುದು. ಪಂಜರದಿಂದ ಬಂದ ನಾಯಿಗೆ ಈ ಅಂಕಿಗಳನ್ನು ಹೇಳದಿರುವುದೇ ಲೇಸು. ಕ್ಯಾಲೆಂಡರ್ ನೋಡಿ ಕಾಯುವವರಿಗೆ ನಿರಾಸೆಯೇ ಗತಿ. ಪೆನ್ನಿ ಈಗ ಸೋಫಾದ ಹಿಂದಿಲ್ಲ, ಸೋಫಾದ ಮೇಲಿದ್ದಾಳೆ, ಆದರೆ ನಾವು ಕೂತ ತುದಿಯಲ್ಲಲ್ಲ.

ಮಂಡಿಯ ಬಗ್ಗೆ ಒಂದೆರಡು ಮಾತು. ಎರಡನೇ ದರ್ಜೆ ಎಂದರೆ ಚಿಪ್ಪು ಆಗಾಗ ಜಾರಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಮೂರು ಕಾಲಲ್ಲಿ ಕುಂಟಿ, ನಾಲ್ಕು ಹೆಜ್ಜೆಗೆ ಸರಿಯಾಗುತ್ತಾಳೆ. ಮಂಜುಗಡ್ಡೆಯ ಮೇಲೆ ಜಾರುವುದು ಇದಕ್ಕೆ ಒಳ್ಳೆಯದಲ್ಲ, ತೂಕ ಏರುವುದು ಇನ್ನೂ ಕೆಟ್ಟದು. ಚಳಿಗಾಲದಲ್ಲಿ ಓಡಾಟ ತಗ್ಗುವುದರಿಂದ ಆಹಾರದ ಅಳತೆಯನ್ನೂ ತಗ್ಗಿಸಿದ್ದೇವೆ, ಮರದ ನೆಲದ ಮೇಲೆ ಜಾರದ ಚಾಪೆ ಹಾಸಿದ್ದೇವೆ. ಸದ್ಯ ಶಸ್ತ್ರಚಿಕಿತ್ಸೆ ಬೇಡ, ಕುಂಟುವುದು ಹೆಚ್ಚಾದರೆ ನೋಡೋಣ ಎಂದಿದ್ದಾರೆ ಪಶುವೈದ್ಯರು.

ಚಳಿಗಾಲದ ಹಾಳೆಯ ಕುರಿತು ಸಂಸ್ಥೆಗೆ ದೀರ್ಘ ಪತ್ರ ಬರೆದೆ. ಉಪ್ಪು, ಆ್ಯಂಟಿಫ್ರೀಜ್ ಎರಡನ್ನೂ ಸೇರಿಸಿ ಹೊಸ ಹಾಳೆ ಅಚ್ಚಾಗಿದೆ. ಒಂಟಿ ಪದರದ ಕೂದಲಿನ ಸಣ್ಣ ನಾಯಿಗಳಿಗೆ ಪ್ರತ್ಯೇಕ ಹಾಳೆ ಬೇಕೆಂದು ಕೇಳಿದ್ದೆ, ಅದು ಇನ್ನೂ ಆಗಿಲ್ಲ. ಕತ್ತರಿಸಬೇಡಿ ಎಂಬ ಸಾಲು ಹಾಗೆಯೇ ಉಳಿದಿದೆ.

ಮರಿಯೇ ಬೇಕೆನ್ನುವವರು, ಮೊದಲ ವಾರದಲ್ಲಿಯೇ ನಾಯಿಯನ್ನು ತಬ್ಬಿ ಫೋಟೋ ತೆಗೆಸಿಕೊಳ್ಳಬೇಕೆನ್ನುವವರು ಇಲ್ಲಿಗೆ ಅರ್ಜಿ ಹಾಕಬೇಡಿ, ಅವರು ಹೇಗೂ ಒಪ್ಪುವುದಿಲ್ಲ. ಉಳಿದವರು ಹಾಕಿ. ಸಾಧ್ಯವಿದ್ದರೆ ಹಿಮ ಕರಗಿದ ಮೇಲೆ ಕರೆತನ್ನಿ, ಶೌಚದ ಪಾಠ ಎಷ್ಟೋ ಸುಲಭವಾಗುತ್ತದೆ. ನಡುಚಳಿಗಾಲದಲ್ಲಿಯೇ ತರುವುದಾದರೆ ಫಾಸ್ಟರ್ ಮನೆಯವರನ್ನು ಖುದ್ದಾಗಿ ಕೇಳಿ: ಕೂದಲು ಬೋಳಿಸಿದ್ದು ಯಾವಾಗ, ಕೋಟು ತೊಡಿಸಿದರೆ ನಿಲ್ಲುತ್ತದೆಯೇ ಅಥವಾ ಕಲ್ಲಾಗುತ್ತದೆಯೇ, ಪಾದ ಮುಟ್ಟಗೊಡುತ್ತದೆಯೇ, ಈಗ ಯಾವ ನೆಲದ ಮೇಲೆ ಶೌಚ ಮಾಡುತ್ತಿದೆ. ಕೊನೆಯ ಪ್ರಶ್ನೆಗೆ ಉತ್ತರ ಕಾಗದದ ಪ್ಯಾಡ್ ಎಂದಾದರೆ ಅದೇ ಬಗೆಯ ಪ್ಯಾಡ್ ಒಂದು ಕಟ್ಟು ಮೊದಲೇ ತಂದಿಟ್ಟುಕೊಳ್ಳಿ. ಹೊರಗಿನ ಚೌಕವನ್ನು ಆಮೇಲೆ ಕಲಿಸಬಹುದು.